ಕಾಯಿಗೆ ಕಣ್ಣಿಲ್ಲ ಕಣ್ರೀ

"ಬರೀ ಸುಳ್ಳು ಕಣ್ರೀ. ತೆಂಗಿನಕಾಯಿ ಬಿದ್ದು ಯಾರಾದ್ರೂ ಸಾಯ್ತಾರಾ?"

ಪಕ್ಕದ ಸೀಟಿನಲ್ಲಿ ಬಸವಕುಮಾರ್ ನಗುತ್ತಿದ್ದ. ಪರದೆಯ ಮೇಲೆ ಖಳನಾಯಕನ ತಲೆಗೆ ಕಾಯಿ ಬಿದ್ದು, ಅವನು ಅಲ್ಲೇ ಸತ್ತಿದ್ದ. ತಿಪಟೂರಿನ ಥಿಯೇಟರ್ ತುಂಬ ಶಿಳ್ಳೆ. "ಕಾಯಿಗೆ ಕಣ್ಣೈತೆ ಕಣ್ಲಾ!" ಎಂದು ಹಿಂದಿನಿಂದ ಯಾರೋ ಕೂಗಿದರು.

ನಿಸರ್ಗ ಎದ್ದು ಹೊರಗೆ ನಡೆದುಬಿಟ್ಟಳು.

ಹುಡುಗಿ ನೋಡುವ ಶಾಸ್ತ್ರ ಮುಗಿದ ಮೇಲೆ ಹಿರಿಯರೇ ಇಬ್ಬರನ್ನೂ ಸಿನಿಮಾಕ್ಕೆ ಕಳಿಸಿದ್ದರು. ಹುಡುಗ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ನಗುಮುಖ. ಅವಳಿಗೂ ಹಿಡಿಸಿದ್ದ, ಸುಳ್ಳೇಕೆ ಹೇಳಬೇಕು.

ಅವನು ಹಿಂದೆಯೇ ಓಡಿ ಬಂದ. "ಏನಾಯ್ತು ನಿಸರ್ಗ?"

"ನಮ್ಮಪ್ಪ ಹಂಗೇ ಹೋಗಿದ್ದು."

ಅವನ ಮುಖದ ನಗು ಆರಿಹೋಯಿತು.

"ಕಾಯಿಗೆ ಕಣ್ಣೈತೆ, ಒಳ್ಳೇರ ಮೇಲೆ ಬೀಳಲ್ಲ ಅಂತಾರಲ್ಲ... ಅಪ್ಪ ಸತ್ತಾಗ, ಮರುಳಪ್ಪ ಏನೋ ಪಾಪ ಮಾಡಿದ್ದ ಅಂತ ಊರೇ ಮಾತಾಡ್ತು. ಬಂದ ಸಂಬಂಧ ಎಲ್ಲ ತಪ್ಪೋಯ್ತು. ಅದಕ್ಕೇ ಅಮ್ಮ ನಿಮ್ಗೆ ಹೇಳಿರಲಿಲ್ಲ."

ಬಸವಕುಮಾರ್ ನೋಟ ಬೇರೆಡೆಗೆ ತಿರುಗಿಸಿದ. ‘ಇವನೂ ಅಷ್ಟೇ...’ ಎಂದುಕೊಂಡು ಅವಳು ತನ್ನೂರು ದಂಡಿನಶಿವರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅತ್ತಳು.

ಭಾನುವಾರ ಬೆಳಿಗ್ಗೆ ಅವನು ಒಬ್ಬನೇ ಮನೆಯ ಜಗಲಿಯ ಮುಂದೆ ನಿಂತಿದ್ದ.

"ಬೇಡ ಅಂತ ಹೇಳೋಕೆ ಇಷ್ಟು ದೂರ ಬರಬೇಕಿತ್ತಾ?" ಎಂದಳು ನಿಸರ್ಗ.

"ತಪ್ಪಾಯ್ತು ಅಂತ ಹೇಳೋಕೆ ಬಂದೆ. ಮಕ್ಕಳಿಗೆ ಗುರುತ್ವಾಕರ್ಷಣೆ ಪಾಠ ಮಾಡೋನು ನಾನು. ಯೋಚನೆ ಮಾಡದೆ ನಕ್ಕುಬಿಟ್ಟೆ. ಸಿಪ್ಪೆ ಸಮೇತ ಬಲಿತ ಕಾಯಿ, ಅಷ್ಟೆತ್ತರದ ಮರ. ನೇರ ತಲೆ ಮೇಲೆ ಬಿದ್ರೆ ಎಂಥೋರ ಜೀವಾನೂ ಹೋಗುತ್ತೆ. ಸಿನಿಮಾದಲ್ಲಿ ಆ ಸಾವು ಸುಳ್ಳಲ್ಲ. ಕೆಟ್ಟೋನನ್ನೇ ಹುಡ್ಕೊಂಡು ಬಿತ್ತು ಅನ್ನೋದು ಸುಳ್ಳು. ಕಾಯಿಗೆ ಕಣ್ಣಿಲ್ಲ ಕಣ್ರೀ. ಭಾರ ಐತೆ, ಅಷ್ಟೇ."

ಒಳಗೆ ಪಾತ್ರೆಗಳ ಸದ್ದು ನಿಂತಿತು. ಅಮ್ಮ ಶಾಂತಕುಮಾರಿ ಸೆರಗಿಗೆ ಕೈ ಒರೆಸುತ್ತಾ ಬಾಗಿಲಿಗೆ ಬಂದರು.

"ಅದನ್ನ ಇನ್ನೊಂದ್ಸಲ ಹೇಳಪ್ಪ... ಜೋರಾಗಿ ಹೇಳು. ಬೀದಿಗೆಲ್ಲ ಕೇಳ್ಲಿ."

ಅವನು ಹೇಳಿದ. ಪಾಠ ಮಾಡುವ ದನಿಯಲ್ಲೇ, ಒಂದು ಮಾತೂ ಬಿಡದೆ ಹೇಳಿದ. ಗಂಡ ಹೋದ ದಿನದಿಂದ ತಗ್ಗಿಸಿದ್ದ ತಲೆಯನ್ನು ಎತ್ತಿ ಶಾಂತಕುಮಾರಿ ಬೀದಿಯನ್ನು ನೋಡಿದರು. ಆಮೇಲೆ ಕಾಫಿಗಿಡುತ್ತೇನೆ ಎಂದು ಒಳಗೆ ಹೋದರು.

"ಅಯ್ಯೋ ಪಾಪ ಅಂತ ಮದುವೆ ಆಗೋದಾದ್ರೆ ಬೇಡ," ಎಂದಳು ನಿಸರ್ಗ ಮೆಲ್ಲಗೆ.

"ಪಾಪ ಅಂತ ಅಲ್ಲ. ನೀವು ಬಸ್ ಹತ್ತಿದಾಗಿಂದ ನನ್ಗೆ ಊಟ ಸೇರ್ತಿಲ್ಲ. ನಮ್ಮಮ್ಮಂಗೂ ಎಲ್ಲ ಹೇಳಿದೀನಿ. ಕರ್ಕೊಂಡೇ ಬಾ ಅಂದ್ರು."

ಅವಳು ಕಣ್ಣೊರೆಸಿಕೊಂಡಳು. ಅವನು ಕೇಳಿದ, "ನಿಮ್ಮಪ್ಪ ಎಂಥೋರು?"

ನಿಸರ್ಗ ಅವನನ್ನೇ ನೋಡಿದಳು. ಇಷ್ಟು ವರ್ಷ ಎಲ್ಲರೂ ಕೇಳಿದ್ದು ಅಪ್ಪ ಹೇಗೆ ಸತ್ತರು ಎಂದು.

"ಕೂತ್ಕೊಳ್ಳಿ," ಎಂದಳು. "ಹೇಳೋಕೆ ಶುರು ಮಾಡಿದ್ರೆ ಸಂಜೆ ಆಗುತ್ತೆ."

"ಆಗ್ಲಿ ಬುಡಿ," ಎಂದು ಅವನು ಚಪ್ಪಲಿ ಕಳಚಿ ಜಗಲಿ ಹತ್ತಿದ.