ಈ ಸಲ ಶೀಲ್ಡ್ ನಮ್ಮದೇ ಅಂದವಳು

ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದ ವಾರಿಜಾ ಮೆಲ್ಲಗೆ ತಲೆ ಎತ್ತಿದಳು... ಎದೆ ಧಸಕ್ಕೆಂದಿತು!

ಅಯ್ಯೋ ದೇವರೇ... ಇವರಾ?!

ಹೆಣ್ಣು ನೋಡಲು ಬಂದು ಕುಳಿತಿದ್ದವನು ಅನಂತರಾಮು! ಜಯನಗರದ ವಾರಿಜಾಳ ಮನೆಯೆದುರಿನ ಮೈದಾನದಲ್ಲಿ ಆಡುವ ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್! ಅಪ್ಪ ಶಾಮಣ್ಣನವರು 'ಬ್ಯಾಂಕಿನಲ್ಲಿರೋ ಹುಡುಗ' ಎಂದಿದ್ದರಷ್ಟೆ.

ಆ ತಂಡವೆಂದರೆ ವಾರಿಜಾಗೆ ಪ್ರಾಣ. ಸಂಜೆಯಾದರೆ ತಾರಸಿಯ ಮೇಲೆ ಹಾಜರು. ಹೋದ ವರ್ಷ ಫೈನಲ್‌ನಲ್ಲಿ ಸೋತಾಗ ಊಟವನ್ನೇ ಬಿಟ್ಟಿದ್ದಳು. ಅರವತ್ತೊಂದನೇ ಇಸವಿಯ ಪಂದ್ಯಗಳು ದೀಪಾವಳಿ ಕಳೆದರೆ ಶುರು. "ಈ ಸಲ ಶೀಲ್ಡ್ ನಮ್ಮದೇ!" ಎಂದು ಕಾಲೇಜಿನಲ್ಲಿ, ಹಾಲಿನ ಮುನಿವೆಂಕಟಮ್ಮನಿಗೆ, ಕೊನೆಗೆ ದೇವಸ್ಥಾನದ ಅರ್ಚಕರಿಗೂ ಸಾರಿಬಿಟ್ಟಿದ್ದಳು.

ಇವರ ಮುಂದೆ ನಾನು ಕಾಫಿ ಹಿಡಿದು ನಿಲ್ಲೋದಾ!

ಲೋಟ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಆ ಸೆಕೆಯಲ್ಲೂ ದಪ್ಪ ಶಾಲು ಹೊದ್ದು ಸುಮ್ಮನೆ ಕುಳಿತಿದ್ದ. ಲೋಟದ ಬಿಸಿಗೆ ಅವಳ ಬೆರಳು ಕೆಂಪಾಗುತ್ತಿದ್ದವು. ಅದು ಕಂಡದ್ದೇ ತಡ, ಅವನು ಥಟ್ಟನೆ ಕೈ ಚಾಚಿ ಲೋಟ ಹಿಡಿದುಕೊಂಡ.

ಎಡಗೈ!

ಎಲ್ಲರ ಕಣ್ಣೂ ಆ ಕೈಯ ಮೇಲೆ.

"ಇದೇನ್ರೀ ಇದು?" ಶಾಮಣ್ಣನವರು ಎದ್ದೇಬಿಟ್ಟರು. "ಶುಭಕಾರ್ಯಕ್ಕೆ ಬಂದು ಎಡಗೈಯಲ್ಲಿ ತಗೊಳ್ಳೋದಾ? ಹುಡುಗಿ ಇಷ್ಟ ಇಲ್ದಿದ್ರೆ ಬಾಯಲ್ಲಿ ಹೇಳಿ. ಈ ಸಂಬಂಧ ನಮಗೆ ಬೇಡ!"

ವಾರಿಜಾಳ ಕಣ್ಣಲ್ಲಿ ನೀರು ತುಂಬಿತು. ಇಷ್ಟು ತಾತ್ಸಾರವೇ? ಆದರೂ... ಚೆಂಡನ್ನು ಎಂದೂ ಎಡಗೈಯಲ್ಲಿ ಎಸೆದವರಲ್ಲ ಇವರು. ಬಲಗೈ ಎಲ್ಲಿ?

"ಅಪ್ಪಾ, ಒಂದ್ನಿಮಿಷ..." ಅವಳು ಅನಂತರಾಮುವಿನ ಕಡೆ ತಿರುಗಿದಳು. "ನಿಮ್ಮ ಬಲಗೈಗೆ ಏನಾಗಿದೆ?"

ಅನಂತರಾಮು ನಿಧಾನವಾಗಿ ಶಾಲು ಸರಿಸಿದ. ಮೊಣಕೈವರೆಗೂ ಬಿಳಿ ಪ್ಲಾಸ್ಟರ್!

"ಎಲ್ಲಾ ನನ್ನದೇ ತಪ್ಪು," ಅವನ ತಾಯಿ ನೀಲಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹುಡುಗನ ಕೈ ಊನ ಅಂದ್ಕೊಂಡು ಬೇಡ ಅಂತೀರೇನೋ ಅಂತ ನಾನೇ ಶಾಲು ಹೊದಿಸಿದೆ. ಕಾಫಿ ಮುಟ್ಟಬೇಡ ಅಂತಲೂ ಹೇಳಿದ್ದೆ..."

ಶಾಮಣ್ಣನವರು ತೆಪ್ಪಗೆ ಕುಳಿತರು. ಅವರ ತಾಯಿ ಸೀತಾಲಕ್ಷ್ಮಮ್ಮ ಮಾತ್ರ ಏನೂ ಆಗಿಲ್ಲವೆಂಬಂತೆ ಹುಡುಗನ ಉಪ್ಪಿಟ್ಟಿನ ತಟ್ಟೆಗೆ ಒಂದು ಚಮಚ ಹಾಕಿಟ್ಟರು.

"ಮಕ್ಕಳು ಜಗಲೀಲಿ ಎರಡು ಮಾತಾಡ್ಕೊಳ್ಳಲಿ ಬಿಡೋ ಶಾಮು. ಬಾಗಿಲು ತೆಗೆದೇ ಇರುತ್ತೆ."

ಜಗಲಿಗೆ ಬಂದೊಡನೆ ವಾರಿಜಾ ಅವನ ಪ್ಲಾಸ್ಟರ್ ನೋಡುತ್ತ ಕೇಳಿದಳು.

"ಹೇಗಾಯ್ತು?"

"ಜರಗನಹಳ್ಳಿ ಹತ್ರ ಸೈಕಲ್ಲಿಗೆ ಎಮ್ಮೆ ಅಡ್ಡ ಬಂತು."

"ಎಮ್ಮೆಗೆ ಏನೂ ಆಗ್ಲಿಲ್ವಾ?"

"ತಿರುಗಿ ಕೂಡ ನೋಡ್ಲಿಲ್ಲ ರೀ ಅದು!"

ಅವಳಿಗೆ ನಗು ಬಂತು. ಮರುಕ್ಷಣವೇ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ... ಪಂದ್ಯ?"

"ಈ ವರ್ಷ ಆಡೋ ಹಾಗಿಲ್ಲ ಅಂದ್ರು ಡಾಕ್ಟರು." ಅವನು ನೆಲ ನೋಡಿದ. "ನೀವು ಊರಿಗೆಲ್ಲ ಶೀಲ್ಡ್ ನಮ್ಮದೇ ಅಂತ ಹೇಳಿದ್ದೀರಂತೆ... ನಿಮ್ಮ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ? ನಮ್ಮಮ್ಮನ್ನ ಕಾಡಿ ಈ ಸಂಬಂಧ ಕೇಳಿಸಿದ್ದು ನಾನೇ. ಆದ್ರೆ ನಿಮಗೆ ಇಷ್ಟ ಆಗಿದ್ದು ಆಟಗಾರ. ಈಗ ಬಂದಿರೋನು ಬರೀ ಬ್ಯಾಂಕ್ ಗುಮಾಸ್ತ. ಬೇಡ ಅಂದ್ರೂ ನನಗೆ ಬೇಜಾರಿಲ್ಲ."

ವಾರಿಜಾ ಬೆಚ್ಚಿಬಿದ್ದಳು. ಇವರೇ ಕೇಳಿಸಿದ್ದಾ? ಇಷ್ಟು ದಿನ ನನ್ನೊಳಗೇ ಬಚ್ಚಿಟ್ಟುಕೊಂಡದ್ದು ಅಲ್ಲೂ ಇತ್ತೇ?

"ಆಟ ಚೆನ್ನಾಗಿ ಆಡೋರು ನಿಮ್ಮ ತಂಡದಲ್ಲಿ ಇನ್ನೂ ಇದ್ದಾರೆ," ಎಂದಳು ಸಣ್ಣ ದನಿಯಲ್ಲಿ. "ಆ ಸೀನು ನಿಮಗಿಂತ ಎತ್ತರ ಹಾರ್ತಾರೆ."

ಅವನ ಮುಖ ಇಳಿದುಹೋಯಿತು.

"ಆದ್ರೆ ಆಟ ಶುರು ಮಾಡೋ ಮುಂಚೆ, ನಮ್ಮಮ್ಮ ಒಣಗಹಾಕಿರೋ ಬಟ್ಟೆಗೆ ಧೂಳು ಹಾರಬಾರದು ಅಂತ ಈ ಕಡೆ ಮಣ್ಣಿಗೆ ನೀರು ಚಿಮುಕಿಸ್ತಿದ್ದೋರು ನೀವೊಬ್ಬರೇ. ನಾನು ದಿನಾ ಬೇಗ ತಾರಸಿಗೆ ಬರ್ತಿದ್ದದ್ದು ಅದನ್ನ ನೋಡೋಕೆ."

ಅನಂತರಾಮು ದಂಗಾಗಿ ನಿಂತ.

"ಅಂದ್ರೆ... ಒಪ್ಪಿಗೇನಾ?"

"ಒಂದು ಷರತ್ತು. ಪಂದ್ಯದ ದಿನ ಮೂಲೇಲಿ ಮುಖ ಸಣ್ಣ ಮಾಡ್ಕೊಂಡು ಕೂರಬಾರದು. ನನ್ನ ಪಕ್ಕ ನಿಂತು ನಮ್ಮೋರಿಗೆ ಜೋರಾಗಿ ಕೂಗಬೇಕು."

"ನನಗೆ ಕೂಗೋಕೆ ಬರಲ್ವಲ್ಲ ವಾರಿಜಾ..."

ಅವನ ಬಾಯಲ್ಲಿ ಮೊದಲ ಸಲ ತನ್ನ ಹೆಸರು! ಅವಳು ಕೆನ್ನೆ ಕೆಂಪಾಗಿ ಬಾಗಿಲ ಕಡೆ ತಿರುಗಿದಳು.

"ನಾನು ಹೇಳ್ಕೊಡ್ತೀನಿ. ಒಳಗೆ ಬನ್ನಿ, ಉಪ್ಪಿಟ್ಟು ಆರಿಹೋಗುತ್ತೆ."