ಎದುರುಗಾಳಿಯ ನಲವತ್ತೆಂಟು ನಿಮಿಷ

2019ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಠಾಣೆಗೆ ಬಂದ ಹೊಲಿಗೆಯಾಕೆ ಕುರ್ಚಿಯ ತುದಿಯಲ್ಲಿ ಕೂತಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

“ಯಾರೋ ಮನೆಯೊಳಗೆ ಬರ್ತಿದಾರೆ ಸಾರ್. ನಿನ್ನೆ ಅಂಗಡಿಯಿಂದ ಮನೆಗೆ ಹೋದಾಗ ನನ್ನ ದಿಂಬು ಬೆಚ್ಚಗಿತ್ತು.”

“ಬೀಗ?” ಇನ್‌ಸ್ಪೆಕ್ಟರ್ ಕೇಳಿದರು.

“ಹಾಕಿದ ಹಾಗೇ ಇತ್ತು. ಬೀಗದಕೈ ಎರಡೇ. ಒಂದು ನನ್ನ ಹತ್ರ, ಇನ್ನೊಂದು ನಮ್ಮನೆಯವರ ಹತ್ರ. ಅವರು ಯಂತ್ರ ಜೋಡಿಸೋ ಕೆಲಸಕ್ಕೆ ಹೊರದೇಶಕ್ಕೆ ಹೋಗಿ ಮೂರು ವಾರ ಆಯ್ತು. ಹಗ್ಗ ನೋಡಿ ಹಾವು ಅಂತೀಯ ಅಂತಾರೆ ಅತ್ತೆ.”

ಠಾಣೆಯಲ್ಲಿ ಎಲ್ಲರೂ ‘ಮೀಸೆ’ ಎಂದೇ ಕರೆಯುವ ಹೆಡ್ ಕಾನ್‌ಸ್ಟೆಬಲ್ ಎಫ್‌ಐಆರ್ ದಾಖಲಿಸಿದ. ಆರೋಪಿ: ಅಪರಿಚಿತ.

ಎರಡನೇ ಬೀಗದಕೈ ಎಷ್ಟು ದೂರದಲ್ಲಿದೆ ಎಂಬುದು ಮೊದಲು ಖಚಿತವಾಗಬೇಕಿತ್ತು. ಗಂಡ ತಲುಪಿದ ದಿನದ ಸಂದೇಶ ಆಕೆಯ ಫೋನಿನಲ್ಲಿತ್ತು. ಫೆಬ್ರವರಿ 20, ಮಧ್ಯಾಹ್ನ 2.34: ‘ಈಗ ಇಳಿದೆ.’ ವಿಮಾನ ಹೊರಟದ್ದು ಬೆಳಿಗ್ಗೆ 9.10ಕ್ಕೆ.

ಮೀಸೆ ಎರಡೂ ನಗರಗಳ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ ನೋಡಿದ. “ಆಕಾಶಮಾರ್ಗ 3,920 ಕಿಲೋಮೀಟರ್, 5 ಗಂಟೆ 24 ನಿಮಿಷ. ಸರಿಯಾಗಿ ಕೂಡುತ್ತೆ ಸಾರ್, ಒಂದು ನಿಮಿಷ ಆಚೀಚೆ ಇಲ್ಲ.”

“ಅದೇ ನನಗೆ ಅನುಮಾನ. ನೀನು ಮನೆಯಿಂದ ಠಾಣೆಗೆ ಯಾವತ್ತಾದ್ರೂ ಲೆಕ್ಕದಷ್ಟೇ ಹೊತ್ತಿಗೆ ಬಂದಿದೀಯಾ?”

“ಬಂದಿದ್ರೆ ನೀವು ದಿನಾ ಯಾಕೆ ಬೈತಿದ್ರಿ ಸಾರ್?”

ಆ ವೆಬ್‌ಪುಟದ ಲೆಕ್ಕ ಸರಳವಾಗಿತ್ತು: ದೂರವನ್ನು ಸರಾಸರಿ ವೇಗದಿಂದ ಭಾಗಿಸಿ, ಏರಿಳಿಯಲು ಅರ್ಧ ಗಂಟೆ ಸೇರಿಸುವುದು. ಅದರಲ್ಲಿ ಗಾಳಿ ಇರಲಿಲ್ಲ.

11.45ಕ್ಕೆ ವಿಮಾನ ಸಂಸ್ಥೆಯ ಉತ್ತರ ಬಂತು. ಆ ದಿನ ದಾರಿಯುದ್ದಕ್ಕೂ ಎದುರುಗಾಳಿ. ವಿಮಾನ ಇಳಿದದ್ದು ನಮ್ಮ ಗಡಿಯಾರದಲ್ಲಿ 3.22ಕ್ಕೆ. ‘ಈಗ ಇಳಿದೆ’ ಎಂಬ ಸಂದೇಶ ಬಂದಾಗ ಅದು ಇನ್ನೂ ಸಮುದ್ರದ ಮೇಲಿತ್ತು. ಆಕೆಯ ಗಂಡನ ಆಸನ ಖಾಲಿ ಹೋಗಿತ್ತು.

“ಹಾಗಾದ್ರೆ ಇಷ್ಟು ದಿನ ಅವರು ಎಲ್ಲಿದ್ರು?” ಎಂದಳು ಆಕೆ. ಇನ್‌ಸ್ಪೆಕ್ಟರ್ ಜೀಪು ತರಿಸಿದರು.

12.30ಕ್ಕೆ ಸ್ಥಳ ಪಂಚನಾಮೆ. ಮೇಲ್ಮಹಡಿಯ ಮಲಗುವ ಕೋಣೆ. ಪಂಚರಾಗಿ ಅಕ್ಕಪಕ್ಕದ ಇಬ್ಬರು. ಮಫ್ತಿಯಲ್ಲಿದ್ದ ಮೀಸೆ ದಿಂಬಿನ ಬಳಿ ಬಾಗಿದ್ದಾಗ ಆಕೆಯ ಫೋನು ಅದುರಿತು. ಗಂಡನ ಸಂದೇಶ. ಓದಿದವಳು ಫೋನನ್ನು ಇನ್‌ಸ್ಪೆಕ್ಟರ್ ಕಡೆ ಚಾಚಿದಳು.

‘ಆ ಮೀಸೆಯವನು ಯಾರು?’

ಕಿಟಕಿ ಮುಚ್ಚಿತ್ತು, ಪರದೆ ಎಳೆದಿತ್ತು. ಇನ್‌ಸ್ಪೆಕ್ಟರ್ ನಿಧಾನವಾಗಿ ತಲೆಯೆತ್ತಿದರು. ಹಲಗೆಯ ಛಾವಣಿಯಲ್ಲಿ, ಹಾಸಿಗೆಯ ನೇರಕ್ಕೆ, ಬೆರಳು ತೂರುವಷ್ಟು ಒಂದು ತೂತು. ಅದು ಕಪ್ಪಗಿತ್ತು. ನೋಡುತ್ತಿದ್ದಂತೆ ಮೇಲೆ ಏನೋ ಸರಿದು ಅದರಲ್ಲಿ ಬೆಳಕು ಕಂಡಿತು.

ಹಿಂಬದಿಯ ಏಣಿ ಹತ್ತಿ ಅಟ್ಟದಲ್ಲಿ ಅವನನ್ನು ಬಂಧಿಸಿದಾಗ 12.52. ಒಂದು ಚಾಪೆ, ನೀರಿನ ಬಾಟಲಿಗಳು, ಬೀಗದಕೈ. ಅವನು ಕೊಸರಾಡಲಿಲ್ಲ.

“ಯಾಕೆ?” ಇನ್‌ಸ್ಪೆಕ್ಟರ್ ಕೇಳಿದರು.

“ನಾನಿಲ್ದಿದ್ರೆ ಅಳ್ತಾಳಾ ಅಂತ ನೋಡ್ಬೇಕಿತ್ತು. ಎರಡು ದಿನ ನೋಡಿ ಇಳಿಯೋಣ ಅಂದ್ಕೊಂಡಿದ್ದೆ.”

“ಅತ್ತಳಾ?”

“ಮೊದಲನೇ ಸಂಜೆ ಗುಂಡಿ ಹೊಲೀತಾ ಹಾಡು ಗುನುಗಿದಳು. ನನ್ನೆದುರು ಯಾವತ್ತೂ ಹಾಡಿರಲಿಲ್ಲ.” ಅವನು ತಲೆ ತಗ್ಗಿಸಿದ. “ಆಮೇಲೆ ಅವಳೆದುರು ಇಳಿಯೋಕೆ ಆಗಲಿಲ್ಲ. ಅವಳು ಅಂಗಡಿಗೆ ಹೋದಾಗ ಮಾತ್ರ ಬಂದು ಆ ದಿಂಬಿನ ಮೇಲೆ ಮಲಗ್ತಿದ್ದೆ.”

ಅಳತೆಗೆ ಮೀಸೆಯ ಬಳಿ ಏನೂ ಇರಲಿಲ್ಲ. ಆಕೆಯೇ ಕೊರಳಿಂದ ಟೇಪು ತೆಗೆದು ಒಂದು ತುದಿ ಹಿಡಿದುಕೊಂಡಳು. ಟೇಪು ಒಂದೂವರೆ ಮೀಟರಿನದು, ಎರಡು ಸಲ ಹಿಡಿಯಬೇಕಾಯಿತು. ತೂತಿನಿಂದ ದಿಂಬಿಗಿದ್ದ ದೂರ 2 ಮೀಟರ್ 34 ಸೆಂಟಿಮೀಟರ್.