ಬಾಡಿಗೆ ತಾಯಿಯ ಖರ್ಚಿನ ಪುಸ್ತಕ

ಕೋಣೆ ಖಾಲಿಯಾಗಿತ್ತು.

ಮಂಚದ ಮೇಲಿನ ಹಾಸಿಗೆ ಸುತ್ತಿಟ್ಟಿದ್ದರು. ಕಪಾಟು ಬಾಯಿ ತೆರೆದು ನಿಂತಿತ್ತು. ಗೋಡೆಗೆ ಅರ್ಧದವರೆಗೆ ಹೊಸ ಸುಣ್ಣ. ಬಾಗಿಲ ಬಳಿ ತುಂಬು ಬಸುರಿಯಂತೆ ಕಾಣುವ ಹೆಂಗಸೊಬ್ಬಳು ಕುಸಿದು ಕೂತಿದ್ದಳು. ಅವಳು ತಂದ ಬುಟ್ಟಿ ಉರುಳಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಗಳು, ಬೌರ್ಸಾಕ್‌ಗಳು, ನೆಲದ ತುಂಬ ಚೆಲ್ಲಿದ್ದವು.

ಫೋನ್ ಕರೆಗೆ ಬಂದಿದ್ದ ಪೊಲೀಸ್ ಕ್ಯಾಪ್ಟನ್ ರೈಖಾನ್ ಬಗ್ಗಿ ಅವಳ ತೋಳು ಹಿಡಿದಳು. "ಏಳಮ್ಮ. ಈ ಸ್ಥಿತೀಲಿ ತಣ್ಣನೆ ನೆಲದ ಮೇಲೆ ಕೂರಬಾರದು."

"ನಂಗೇನೂ ಆಗಲ್ಲ." ಹೆಂಗಸು ಕೋಟಿನ ಗುಂಡಿ ಬಿಚ್ಚಿದಳು. ಒಳಗಿದ್ದದ್ದು ಬಟ್ಟೆಯ ಹೊಟ್ಟೆ. ಹತ್ತಿ ತುಂಬಿ, ಅಂಚು ಹೊಲಿದು, ಸೊಂಟಕ್ಕೆ ಪಟ್ಟಿ ಬಿಗಿದದ್ದು. "ನನ್ನ ಮಗು ಈ ಕೋಣೇಲಿತ್ತು, ಇನ್ನೊಬ್ಬಳ ಹೊಟ್ಟೇಲಿ. ಈಗ ಅವಳೂ ಇಲ್ಲ, ಮಗೂನೂ ಇಲ್ಲ."

ಹೆಸರು ಜಜೀರಾ. ಶಿಮ್ಕೆಂತ್ ನಗರದ ಶಾಲೆಯೊಂದರಲ್ಲಿ ಭೂಗೋಳ ಪಾಠ ಹೇಳುವವಳು. ಮದುವೆಯಾಗಿ ಹನ್ನೊಂದು ವರ್ಷ, ಐದು ಗರ್ಭಪಾತ. ಕೊನೆಗೆ ಗಂಡ ಹೆಂಡತಿ ಬಾಡಿಗೆ ತಾಯಿಯನ್ನು ಹುಡುಕಿದ್ದರು. ನೋಟರಿಯ ಮುಂದೆ ಕರಾರಾಗಿತ್ತು. ಶಿನಾರ್ ಎಂಬ ಹೆಂಗಸು, ಎರಡು ಮಕ್ಕಳ ತಾಯಿ, ಅವರ ಭ್ರೂಣವನ್ನು ಹೊತ್ತಿದ್ದಳು. ಈಗ ಮೂವತ್ತು ವಾರ.

ಜಜೀರಾ ಕೋಟಿನ ಗುಂಡಿ ಹಾಕಿಕೊಂಡ ಮೇಲೆ ಮನೆಯೊಡತಿ ಸನೋಬರ್ ಸುಣ್ಣದ ಕೈ ಒರೆಸಿಕೊಳ್ಳುತ್ತ ಬಂದಳು.

"ಹತ್ತು ದಿನ ಆಯ್ತು ಕಳಿಸಿ. ಮೂರು ತಿಂಗಳು ಬಾಡಿಗೆ ಕೊಡಲಿಲ್ಲ ಕಣಮ್ಮ. ನಾನೆಷ್ಟು ದಿನ ಸುಮ್ಮನಿರಲಿ?"

"ಸುಳ್ಳು!" ಜಜೀರಾ ಚೀರಿದಳು. "ಪ್ರತಿ ತಿಂಗಳೂ ಕೊಟ್ಟಿದೀನಿ. ಬರೆದಿಟ್ಟಿದೀನಿ!"

"ಯಾರಿಗೆ ಕೊಟ್ಟೆಯೋ ಅವರನ್ನ ಕೇಳು. ಪಾಪ, ಆ ಬಸುರಿ ಬರೀ ಬ್ರೆಡ್ಡು ಚಹಾದಲ್ಲಿ ದಿನ ತೆಗೀತಿದ್ಳು. ನಾನೇ ಎಷ್ಟೋ ಸಲ ಸೂಪು ಕೊಟ್ಟೆ."

* * *

ನೀಲಿ ರಟ್ಟಿನ ಪುಸ್ತಕವನ್ನು ಜಜೀರಾ ತನ್ನ ಮನೆಯ ಅಡುಗೆಮೇಜಿನ ಮೇಲೆ ಬಿಡಿಸಿದಳು. ಟೀಚರಮ್ಮನ ಕೈಬರಹ. ಗೆರೆ ಎಳೆದಂತೆ ಸಾಲುಗಳು.

ಮೊದಲ ಪುಟದಲ್ಲಿ ಎರಡು ಲೆಕ್ಕ. ಒಂದು ಜಾರ್ಜಿಯಾ ದೇಶದಲ್ಲಿ ಮಾಡಿಸಿದರೆ ಆಗುವುದು: ಆಸ್ಪತ್ರೆ, ವಿಮಾನ, ವಸತಿ, ವಕೀಲರು, ಮಗುವಿನ ಕಾಗದಪತ್ರ. ಎರಡೂಕಾಲು ಕೋಟಿ ತೆಂಗೆ. ಇನ್ನೊಂದು ಇಲ್ಲಿಯದು, ಒಂದು ಕೋಟಿ ಮೂವತ್ತು ಲಕ್ಷ.

"ಇಷ್ಟು ದುಡ್ಡು ಎಲ್ಲಿಂದ ಬಂತು?" ರೈಖಾನ್ ಕೇಳಿದಳು.

"ಅಮ್ಮನ ಮನೆ ಮಾರಿದ್ವಿ. ಅಮ್ಮ ಹೋದ ಮೇಲೆ ಅದು ನನಗೂ ಅಕ್ಕನಿಗೂ ಸೇರಿತ್ತು. ಅಕ್ಕ ತನ್ನ ಪಾಲನ್ನೂ ನಂಗೇ ಕೊಟ್ಳು. 'ಪೂರ್ತಿ ತಗೋ, ಮಗು ಮಾಡ್ಕೋ' ಅಂದ್ಳು." ಜಜೀರಾ ಎರಡನೇ ಲೆಕ್ಕದ ಮೇಲೆ ಬೆರಳಿಟ್ಟಳು. "ಹೊರದೇಶ ಬೇಡ, ಇಲ್ಲೇ ಆದ್ರೆ ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ ಅಂದೋಳೂ ಅವಳೇ."

"ನೀವು ಶಿನಾರ್‌ನ ನೋಡ್ತಿರಲಿಲ್ವಾ?"

"ಹನ್ನೆರಡನೇ ವಾರದ ಸ್ಕ್ಯಾನಿಂಗ್‌ನಲ್ಲಿ ನೋಡಿದ್ದೇ ಕೊನೆ. ಆಮೇಲೆ ನಾನೇ ಬಸುರಿ ಅಂತ ಊರು ನಂಬಲಿ ಅಂತ ಈ ಬಟ್ಟೆ ಹೊಟ್ಟೆ ಕಟ್ಟಿಕೊಳ್ಳೋಕೆ ಶುರು ಮಾಡ್ದೆ. ಎರಡು ಹೊಟ್ಟೆ ಒಂದೇ ಬಾಗಿಲಲ್ಲಿ ಕಂಡ್ರೆ ಊರು ಸುಮ್ಮನಿರುತ್ತಾ? ನಗದು, ಔಷಧ, ಫೋಟೊ ಎಲ್ಲಾ ಅಕ್ಕನ ಕೈಯಲ್ಲೇ. ಬ್ಯಾಂಕಲ್ಲಿ ಕಳಿಸಿದ್ರೆ ಗುರುತು ಉಳಿಯುತ್ತೆ, ನಾಳೆ ಯಾರಾದ್ರೂ ಮಗುಗೆ ತೋರಿಸ್ತಾರೆ ಅಂದ್ಳು ಅಕ್ಕ. ಈವತ್ತು ತಡೆಯಕ್ಕಾಗಲಿಲ್ಲ. ಮಗುವಿನ ಎದೆಬಡಿತ ಕೇಳಬೇಕು ಅಂತ ಹೋದೆ."

ಅಷ್ಟರಲ್ಲಿ ಅಕ್ಕ ಬಂದಳು. ಕುಲ್ಯಾಶ್, ಐವತ್ತರ ಹತ್ತಿರದವಳು, ಬಜಾರಿನಲ್ಲಿ ಬಟ್ಟೆ ಹೊಲಿಯುವವಳು. ಬಂದವಳೇ ಕೋಟೂ ಬಿಚ್ಚದೆ, ಒಂದೇ ಕೈಯಲ್ಲಿ ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು.

"ನನ್ನ ಒಂಟೆಮರೀ, ಅಳಬೇಡ. ಆ ಕೃತಘ್ನೆ ಸಿಗಲಿ, ಕೂದಲು ಹಿಡಿದು ಎಳ್ಕೊಂಡ್ ಬರ್ತೀನಿ."

"ಬಾಡಿಗೆ ದುಡ್ಡು ಯಾರ ಕೈಗೆ ಕೊಡ್ತಿದ್ರಿ?" ರೈಖಾನ್ ಕೇಳಿದಳು.

"ಅವಳ ಕೈಗೇ. ಅವಳೇ ಮನೆಯೊಡತಿಗೆ ಕೊಡ್ಬೇಕಿತ್ತು. ನುಂಗಿದಾಳೆ. ಹಸುವಿನಂಥ ಮುಖ ನೋಡಿ ಮೋಸ ಹೋದ್ವಿ."

ಜಜೀರಾಳ ಫೋನ್ ಮಿಡಿಯಿತು. ಓದಿದವಳೇ ಅದನ್ನು ಮೇಜಿನ ಮೇಲೆ ಕೈಬಿಟ್ಟಳು.

ಅಪರಿಚಿತ ನಂಬರು. 'ಮೂವತ್ತು ಲಕ್ಷ ಕೊಟ್ಟರೆ ಮಗು. ಇಲ್ಲದಿದ್ದರೆ ಹತ್ತಿ ಹೊಟ್ಟೆಯನ್ನೇ ಹೆತ್ತುಕೋ. ಪೊಲೀಸರಿಗೆ ಹೇಳಿದರೆ ಇಬ್ಬರೂ ಸಿಗುವುದಿಲ್ಲ.'

"ನೋಡಿದ್ರಾ!" ಕುಲ್ಯಾಶ್ ಎದೆ ಬಡಿದುಕೊಂಡಳು. "ನಾನು ಹೇಳಲಿಲ್ವಾ? ಕೊಟ್ಟುಬಿಡೋಣ ಜಜೀರಾ. ಕೊನೇ ಕಂತು ಅಂತ ಇಟ್ಟಿದೀಯಲ್ಲ, ಅದನ್ನ ಕೊಟ್ಟುಬಿಡೋಣ. ಮಗು ಮುಖ್ಯ."

ರೈಖಾನ್ ಸಂದೇಶವನ್ನು ಇನ್ನೊಮ್ಮೆ ಓದಿದಳು. ನೀಲಿ ಪುಸ್ತಕವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

* * *

ನಂಬರು ಸತ್ತ ಮುದುಕನೊಬ್ಬನ ಹೆಸರಿನಲ್ಲಿತ್ತು. ಬಜಾರಿನಲ್ಲಿ ಇಂಥ ಸಿಮ್‌ಗಳನ್ನು ಕಡಲೆಬೀಜದಂತೆ ಮಾರುತ್ತಾರೆ. ಆ ದಾರಿ ಅಲ್ಲಿಗೇ ಮುಚ್ಚಿತು.

ಆದರೆ ಹತ್ತಿ ಹೊಟ್ಟೆಯ ಮಾತು ರೈಖಾನಳನ್ನು ಕೊರೆಯುತ್ತಿತ್ತು. ಶಿನಾರ್ ಜಜೀರಾಳನ್ನು ಕೊನೆಯ ಸಲ ನೋಡಿದಾಗ ಬಟ್ಟೆಯ ಹೊಟ್ಟೆ ಇರಲಿಲ್ಲ. ಅದರ ಗುಟ್ಟು ತಿಳಿದವರು ಅಕ್ಕ ಮತ್ತು ಗಂಡ, ಇಬ್ಬರೇ.

ಗಂಡ ಎರ್ಮೆಕ್ ರೈಲಿನ ಇಂಜಿನ್ ಡ್ರೈವರ್. ಡಿಪೋದ ಕ್ಯಾಂಟೀನಿನಲ್ಲಿ ಸಿಕ್ಕ. ಚಹಾ ಆರಿ ಕೆನೆ ಕಟ್ಟಿತ್ತು.

"ನಿಮಗೆ ಈ ಬಾಡಿಗೆ ತಾಯಿ ವಿಷಯ ಇಷ್ಟ ಇರಲಿಲ್ವಂತೆ?"

"ಇರಲಿಲ್ಲ," ಎಂದ ನೇರವಾಗಿ. "ಮಗು ಇಲ್ದೆ ನಾನು ಬದುಕ್ತಿದ್ದೆ. ಅವಳು ಬದುಕ್ತಿರಲಿಲ್ಲ. ಅದಕ್ಕೇ ಒಪ್ಪಿದೆ."

"ಹೋದ ತಿಂಗಳು ಬ್ಯಾಂಕಿಂದ ನಾಲ್ಕು ಲಕ್ಷ ತೆಗೆದಿದೀರಿ. ಹೆಂಡ್ತಿಗೆ ಹೇಳಿಲ್ಲ."

ಎರ್ಮೆಕ್‌ನ ಮುಖ ಕೆಂಪಾಯಿತು. ಫೋನಿನಲ್ಲಿ ಒಂದು ಫೋಟೊ ತೋರಿಸಿದ. ಬಡಗಿಯ ಅಂಗಡಿಯಲ್ಲಿ ಅರ್ಧ ಬಣ್ಣ ಬಳಿದ ತೊಟ್ಟಿಲು. ಅದರ ಹಿಂದೆ ಪುಟ್ಟ ಕಪಾಟು, ಪುಟ್ಟ ಮಂಚ. "ಮಗು ಹುಟ್ಟೋಕೆ ಮುಂಚೆ ಕೊಂಡ್ರೆ ಕೆಟ್ಟದಾಗುತ್ತೆ ಅಂತ ಅವಳಿಗೆ ಭಯ. ಗುಟ್ಟಾಗಿ ಮಾಡಿಸ್ತಿದ್ದೆ."

ಸಂದೇಶ ಬಂದ ಹೊತ್ತಿನಲ್ಲಿ ಅವನು ಇಂಜಿನ್ ಓಡಿಸುತ್ತಿದ್ದ. ಕರ್ತವ್ಯದ ಹೊತ್ತಿನಲ್ಲಿ ಫೋನ್ ಡಿಪೋದಲ್ಲಿ ಬೀಗ. ರೈಖಾನ್ ಎರಡನ್ನೂ ವಿಚಾರಿಸಿ ಖಚಿತ ಮಾಡಿಕೊಂಡಳು. ಬಡಗಿಯ ಅಂಗಡಿಗೂ ಹೋಗಿ ಬಂದಳು.

ಕಾರಿನಲ್ಲಿ ಕೂತು ನೀಲಿ ಪುಸ್ತಕ ತಿರುವಿದಳು. ಹಣ್ಣು. ಮಾಂಸ. ಜೀವಸತ್ವದ ಮಾತ್ರೆ. ಬಾಡಿಗೆ. ಇಪ್ಪತ್ತೆಂಟನೇ ವಾರದಲ್ಲಿ ಒಂದು ದೊಡ್ಡ ಮೊತ್ತ: 'ನೆಗೆಟಿವ್ ರಕ್ತದವರ ಚುಚ್ಚುಮದ್ದು, ಶಿನಾರ್ ಕೇಳಿದ್ದು, ಅಕ್ಕನ ಕೈಲಿ.' ಮುಂದಿನ ವಾರ ಅದೇ ಇನ್ನೊಮ್ಮೆ.

ಆ ಚುಚ್ಚುಮದ್ದು ರೈಖಾನಳಿಗೆ ಗೊತ್ತಿತ್ತು. ಅವಳದು ನೆಗೆಟಿವ್ ರಕ್ತ. ಮಗಳು ಹೊಟ್ಟೆಯಲ್ಲಿದ್ದಾಗ ಅವಳೇ ತೆಗೆದುಕೊಂಡಿದ್ದಳು. ಕರಾರಿನ ಪ್ರತಿ ತೆಗೆದು ಕೊನೆಯ ಪುಟದ ವೈದ್ಯರ ಚೀಟಿ ನೋಡಿದಳು.

ಶಿನಾರ್: ಬಿ ಪಾಸಿಟಿವ್.

* * *

ಶಿನಾರ್‌ನ ಹುಡುಕುವುದು ಕಷ್ಟವಾಗಲಿಲ್ಲ. ಸುತ್ತಲ ಜಿಲ್ಲೆಗಳ ಹಳ್ಳಿ ಆಸ್ಪತ್ರೆಗಳಿಗೆ ರೈಖಾನ್ ಒಂದೊಂದಾಗಿ ಫೋನ್ ಮಾಡಿದಳು. ಹದಿನಾಲ್ಕನೆಯದಕ್ಕೆ ಉತ್ತರ ಸಿಕ್ಕಿತು. ಆರಿಸ್ ನದಿಯ ಆಚೆಯ ಹಳ್ಳಿ. ಸ್ವಂತ ಹೆಸರು, ಸ್ವಂತ ಗುರುತಿನ ಚೀಟಿ.

"ಮಗು ಕದ್ದು ಓಡೋಳು ಸ್ವಂತ ಹೆಸರಲ್ಲಿ ಹೋಗಿ ತೂಕ ನೋಡಿಸ್ಕೊಳ್ಳಲ್ಲ," ಎಂದಳು ಹಳ್ಳಿಗೆ ಹೋಗುವ ಕಾರಿನಲ್ಲಿ ಪಕ್ಕ ಕೂತ ಜಜೀರಾಳಿಗೆ. ಜಜೀರಾ ಅಂದು ಬಟ್ಟೆಯ ಹೊಟ್ಟೆ ಕಟ್ಟಿರಲಿಲ್ಲ.

ತಾಯಿಯ ಮನೆಯ ಅಂಗಳದಲ್ಲಿ ಶಿನಾರ್ ಬಟ್ಟೆ ಹಿಂಡುತ್ತಿದ್ದಳು. ಜಜೀರಾಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ನನ್ನ ಮುಖ ನೋಡೋಕಾಗಲ್ಲ ಅಂದಿದ್ರಂತೆ? ಈಗ್ಯಾಕೆ ಬಂದ್ರಿ?"

"ಯಾರಂದ್ರು?"

"ನಿಮ್ಮಕ್ಕ. ನನ್ನ ಹೊಟ್ಟೆ ಕಂಡ್ರೆ ನಿಮಗೆ ಹೊಟ್ಟೆಕಿಚ್ಚಂತೆ, ಫೋನ್ ಮಾಡ್ಬೇಡ ಅಂದ್ರು. ನಿಮ್ಮ ಹತ್ರ ದುಡ್ಡು ಮುಗೀತಂತೆ, ಹೆರಿಗೆ ಆದ್ಮೇಲೆ ಎಲ್ಲಾ ಒಟ್ಟಿಗೇ ಕೊಡ್ತಾರಂತೆ. ಮೂರು ತಿಂಗಳು ಕಾದೆ. ಮನೆಯೊಡತಿ ಹೊರಗೆ ಹಾಕಿದ ದಿನ ಅವರಿಗೇ ಫೋನ್ ಮಾಡ್ದೆ. 'ತಾಯಿ ಮನೆಗೆ ಹೋಗು, ನಾನು ಹೇಳ್ತೀನಿ' ಅಂದ್ರು." ಶಿನಾರ್ ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. "ನನ್ನಿಬ್ಬರು ಮಕ್ಕಳಿಗೆ ಒಂದು ಮನೆ ಆಗಲಿ ಅಂತ ಒಪ್ಪಿದೆ ನಾನು. ಭಿಕ್ಷೆ ಬೇಡಕ್ಕಲ್ಲ. ಆದ್ರೂ ಹೊಟ್ಟೇಲಿರೋದನ್ನ ಉಪವಾಸ ಕೆಡವಿಲ್ಲ. ಆಸ್ಪತ್ರೆಯವರನ್ನ ಕೇಳಿ."

"ಚುಚ್ಚುಮದ್ದು ಕೇಳಿದ್ಯಾ?" ರೈಖಾನ್ ಕೇಳಿದಳು.

"ಯಾವ ಚುಚ್ಚುಮದ್ದು?"

ಜಜೀರಾ ಅಂಗಳದ ಕಲ್ಲಿನ ಮೇಲೆ ಕೂತಳು. ಕೊನೆಗೆ ಶಿನಾರ್ ತಾನೇ ಹತ್ತಿರ ಬಂದು, ಅವಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟಳು.

"ಒದೀತಿದೆ. ಎದೆಬಡಿತ ಕೇಳ್ಬೇಕು ಅಂದ್ರೆ ಕಿವಿ ಇಡಿ."

* * *

ಮರುದಿನ ಬೆಳಿಗ್ಗೆ ಕುಲ್ಯಾಶ್ ತಂಗಿಯ ಅಡುಗೆಮನೆಯಲ್ಲಿ ಹಾಲು ಹಾಕಿದ ಚಹಾ ಬಸಿಯುತ್ತಿದ್ದಳು. ರೈಖಾನ್ ಎದುರು ಕೂತಳು. ಗಂಡ ಹೆಂಡತಿ ಬಾಗಿಲಿಗೊರಗಿ ನಿಂತಿದ್ದರು.

"ಶಿನಾರ್ ಸಿಕ್ಕಿದಾಳೆ," ಎಂದಳು ರೈಖಾನ್.

ಚಹಾ ಬಟ್ಟಲಿನ ಹೊರಗೆ ಚೆಲ್ಲಿತು.

"ಸಂದೇಶ ಕಳಿಸಿದೋರಿಗೆ ಹತ್ತಿ ಹೊಟ್ಟೆ ಗೊತ್ತಿತ್ತು. ಶಿನಾರ್‌ಗೆ ಗೊತ್ತಿರಲಿಲ್ಲ. ಗೊತ್ತಿದ್ದೋರು ಇಬ್ಬರು. ಅದರಲ್ಲೊಬ್ಬರು ಆಗ ರೈಲು ಓಡಿಸ್ತಿದ್ರು."

"ಆ ಹೊತ್ತಲ್ಲಿ ನಾನು ಇಲ್ಲೇ ನಿಮ್ಮ ಮುಂದೆ ಇದ್ದೆನಲ್ಲ!"

"ಇದ್ರಿ. ಒಳಗೆ ಬಂದು ಐದು ನಿಮಿಷಕ್ಕೆ ಸಂದೇಶ ಬಂತು. ಕೋಟು ಬಿಚ್ಚಿರಲಿಲ್ಲ, ಒಂದು ಕೈ ಜೇಬಲ್ಲೇ ಇತ್ತು. ಸಂದೇಶ ಮೊದಲೇ ಬರೆದಿಟ್ಟಿದ್ರಿ. ಒಂದು ಗುಂಡಿ ಒತ್ತೋದಷ್ಟೇ ಬಾಕಿ. ಆಮೇಲೆ ಕೊನೇ ಕಂತು ಕೊಟ್ಟುಬಿಡೋಣ ಅಂತ ಮೊದಲು ಬಾಯಿ ಬಿಟ್ಟೋರೂ ನೀವೇ."

"ಇದೆಲ್ಲಾ ಊಹೆ."

"ಸರಿ, ಇದು ಊಹೆಯಲ್ಲ." ರೈಖಾನ್ ಪುಸ್ತಕ ತಿರುಗಿಸಿದಳು. "ಎರಡು ಚುಚ್ಚುಮದ್ದು. ಆಸ್ಪತ್ರೆ ಗೋಡೆ ಮೇಲಿನ ದರಪಟ್ಟೀಲಿ ಇದೇ ಎಲ್ಲಕ್ಕಿಂತ ದುಬಾರಿ. ಅದನ್ನೇ ಆರಿಸಿದ್ರಿ. ಶಿನಾರ್‌ನ ರಕ್ತ ಯಾವುದು ಅಂತ ನೋಡಲಿಲ್ಲ. ಅವಳದು ಪಾಸಿಟಿವ್. ಅವಳು ಇದನ್ನ ಕೇಳೋ ಹಾಗೇ ಇಲ್ಲ. ಬಾಡಿಗೆ ದುಡ್ಡನ್ನ ಅವಳು ನುಂಗಿದಳು ಅನ್ನಬಹುದಿತ್ತು. ಇದನ್ನ ಹೇಗಂತೀರಿ?"

ಕುಲ್ಯಾಶ್ ಬಟ್ಟಲು ಕೆಳಗಿಟ್ಟಳು. ಮುಖದ ಮೇಲಿನ ಮರುಕ ನಿಧಾನ ಇಳಿದುಹೋಯಿತು.

"ನಂದನ್ನ ನಾನು ತಗೊಂಡೆ."

"ಅಕ್ಕಾ?" ಎಂದಳು ಜಜೀರಾ.

"ಅಕ್ಕ! ಅಮ್ಮನ ಮಲ ಮೂತ್ರ ಆರು ವರ್ಷ ಬಳಿದೋಳು ಯಾರು? ಆ ಮನೇಲಿ ನಂಗೆ ಅರ್ಧ ಬರ್ಬೇಕಿತ್ತು. ಬಾಡಿಗೆ ಅಂಗಡೀಲಿ ಹೊಲಿದು ಹೊಲಿದು ಕಣ್ಣು ಹೋಗ್ತಿದೆ ನಂದು. ಸ್ವಂತ ಅಂಗಡಿ ಬೇಕಿತ್ತು ನಂಗೆ."

"ಕೇಳಬಹುದಿತ್ತಲ್ಲ! ಒಂದು ಮಾತು ಕೇಳಿದ್ರೆ ಕೊಡ್ತಿದ್ದೆ."

"ಹೇಗೆ ಕೇಳ್ಲಿ? ನೀನು ಮಗು ಮಗು ಅಂತ ಅಳ್ತಾ ಬಂದಾಗ ಇಲ್ಲ ಅಂದ್ರೆ ಊರೆಲ್ಲ ನನ್ನ ರಾಕ್ಷಸಿ ಅಂತಿತ್ತು. ತಗೋ ಅಂದೆ. ಬೇಡ ಅಕ್ಕ, ಅರ್ಧ ನಿಂದು ಅಂತ ನೀನು ಅಂತೀಯ ಅಂತ ಕಾದೆ. ನೀನು ಅನ್ನಲಿಲ್ಲ."

ಒಲೆಯ ಮೇಲೆ ಕೆಟಲ್ ಕುದಿಯುತ್ತಲೇ ಇತ್ತು. ಯಾರೂ ಆರಿಸಲಿಲ್ಲ.

"ನಿನ್ನ ಪಾಲು ನೀನು ತಗೊಂಡೆ, ಸರಿ," ಎಂದಳು ಜಜೀರಾ. ದನಿ ಎಷ್ಟು ಮೆತ್ತಗಿತ್ತೆಂದರೆ ರೈಖಾನ್ ಮುಂದಕ್ಕೆ ಬಾಗಬೇಕಾಯಿತು. "ಅವಳನ್ನ ಯಾಕೆ ಉಪವಾಸ ಹಾಕಿದೆ? ಅವಳೊಳಗೆ ಯಾರಿದ್ರು ಅಂತ ನಿಂಗೆ ಗೊತ್ತಿತ್ತಲ್ಲ."

ಕುಲ್ಯಾಶ್ ಎದ್ದು ಹೋಗಿ ಒಲೆ ಆರಿಸಿದಳು.

ದೂರಿನ ಕಾಗದ ಮೇಜಿನ ಮೇಲಿತ್ತು. "ಒಡಹುಟ್ಟಿದೋಳು," ಎಂದಳು ರೈಖಾನ್. "ಒಂದು ದಿನ ಯೋಚನೆ ಮಾಡಿ ಬೇಕಾದ್ರೆ."

ಜಜೀರಾ ಪೆನ್ನು ತೆಗೆದುಕೊಂಡಳು. ಗೆರೆ ಎಳೆದಂಥ ಅಕ್ಷರಗಳಲ್ಲಿ ಸಹಿ ಹಾಕಿದಳು.

* * *

ಜಜೀರಾ ಶಾಲೆಗೆ ರಜೆ ಹಾಕಿ ಹಳ್ಳಿಗೆ ಹೋದಳು. ಕೊನೆಯ ಎರಡು ತಿಂಗಳು ಶಿನಾರ್‌ನ ಜೊತೆಗೇ ಇದ್ದಳು. ಬಾಕಿಯನ್ನೆಲ್ಲ ಅವಳ ಕೈಗೇ ಕೊಟ್ಟಳು. ಮಗು ತುಂಬು ತಿಂಗಳಿಗೆ ಹುಟ್ಟಿತು. ಹೆಣ್ಣು.

ವಾರದ ನಂತರ ರೈಖಾನ್ ಮಗುವನ್ನು ನೋಡಲು ಜಜೀರಾಳ ಮನೆಗೆ ಬಂದಳು. ಕುರಿಯ ಮಾಂಸದ ಸಾರಿನ ವಾಸನೆ ಮನೆ ತುಂಬಿತ್ತು. ಹೊರಡುವಾಗ ಬಾಗಿಲಲ್ಲಿ ತಡೆದು ನಿಂತಳು.

"ವಿಚಾರಣೆಗೆ ಅಂತ ನಿಮ್ಮಕ್ಕನ್ನ ಕರೆಸಿದ್ದೆ. ಅವರು ಬೇರೇನೂ ಕೇಳಲಿಲ್ಲ. ಮಗು ಯಾರ ಹಾಗಿದೆ ಅಂತ ಕೇಳಿದ್ರು. ನಾನು ಏನು ಹೇಳಲಿ?"

ಜಜೀರಾ ತೋಳಿನಲ್ಲಿದ್ದ ಮಗುವನ್ನು ನೋಡಿದಳು. ಅಗಲ ಹಣೆ. ಒಂದರ ಕಡೆ ಒಂದು ಬಾಗಿ ಕೂಡಿದ ಹುಬ್ಬು. ಗಲ್ಲದಲ್ಲಿ ಸೂಜಿಮೊನೆಯಷ್ಟು ಗುಳಿ. ಕುಲ್ಯಾಶಳನ್ನೇ ಎರಕ ಹೊಯ್ದಂತಿತ್ತು.

"ಯಾರ ಹಾಗೂ ಇಲ್ಲ ಅಂತ ಹೇಳಿ," ಎಂದಳು.